ಸರದಿಯ ಸಾಲು

ಅತ್ತಿಗುಪ್ಪೆಯೆಂಬ ಹೆಸರಿನಲ್ಲಿ ಅತ್ತಿಯೂ ಉಂಟು, ಗುಪ್ಪೆಯೂ ಉಂಟು. ಇವೆರಡರೊಳಗೆ ಅತ್ತಿಯ ಮರವನ್ನು ಈಗ ಅಲ್ಲಿ ಹುಡುಕಿ ಕಾಣಬೇಕು. ಗುಪ್ಪೆಯಾದರೋ ಹುಡುಕದೆಯೇ ಕಣ್ಣಿಗೆ ಬೀಳುವುದು. ಮನೆಗಳ ಗುಪ್ಪೆ, ಅಂಗಡಿಗಳ ಗುಪ್ಪೆ, ವಾಹನಗಳ ಗುಪ್ಪೆ, ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಇವೆಲ್ಲವನ್ನೂ ಮೀರಿದ ಜನರ ಗುಪ್ಪೆ. ೨೦೧೫ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೋ ರೈಲಿನ ಸಂಚಾರವು ಮೊದಲಾದಂದಿನಿಂದ ಈ ಜನರಾಶಿಯು ದಿನಕ್ಕೆರಡು ಬಾರಿ, ನಿಲ್ದಾಣದ ಮೆಟ್ಟಿಲನ್ನೇರಿ ಬಾಗಿಲುಗಳೆದುರಿಗೆ ಬಂದೊಡನೆಯೇ, ಸಾಲಾಗಿ ಮಾರ್ಪಡುವುದನ್ನು ನೋಡಬಹುದು. ಗುಪ್ಪೆಯು ಸಾಲಾಗುವುದು ಸಣ್ಣ ಸಂಗತಿಯೆಂದು ತೋರೀತು. ಆದರೆ ಆ ಸಾಲಿನಲ್ಲಿ ನಿಂತ ತರುಣರಲ್ಲಿ ಎಷ್ಟೋ ಮಂದಿ, ಇದೇ ವಿದ್ಯೆಯನ್ನು ಯಂತ್ರಕ್ಕೆ ಕಲಿಸುವುದಕ್ಕಾಗಿ ಸಂಬಳವನ್ನು ಪಡೆಯುತ್ತಿರುವರೆಂಬುದನ್ನು ಅವರ ಮನೆಯ ಹಿರಿಯರು ಬಹುಮಟ್ಟಿಗೆ ಅರಿಯರು.

ಸಾಲಿನ ಗುಣವನ್ನು ತಿಳಿಯಬೇಕಾದರೆ ಹಿಟ್ಟಿನ ಗಿರಣಿಗೆ ಹೋಗತಕ್ಕದ್ದು. ಒಬ್ಬಾಕೆ ರಾಗಿಯ ಡಬ್ಬವನ್ನು ತಂದು ಕಟ್ಟೆಯ ಮೇಲೆ ಸಾಲಿನ ಕೊನೆಗೆ ಇಟ್ಟು ತರಕಾರಿ ಕೊಳ್ಳಲು ಹೋಗುವಳು. ಗಿರಣಿಯವನು ಸಾಲಿನ ತಲೆಯಿಂದ ಒಂದೊಂದನ್ನೇ ಎತ್ತಿಕೊಂಡು ಬೀಸುವನು. ತರುವವರ ವೇಗವೊಂದು, ಬೀಸುವವನ ವೇಗವೊಂದು. ನಡುವಣ ಕಟ್ಟೆಯು ಈ ಎರಡು ವೇಗಗಳ ವ್ಯಾಜ್ಯವನ್ನು ಮಾತಿಲ್ಲದೆ ತೀರಿಸುವುದು. ತಂದವಳು ಬೀಸುವವನ ಬಿಡುವಿಗಾಗಿ ಕಾದು ನಿಲ್ಲಬೇಕಾಗಿಲ್ಲ. ಬೀಸುವವನಿಗೆ ತಂದವಳ ಮುಖಪರಿಚಯವೂ ಬೇಕಾಗಿಲ್ಲ. ಇಬ್ಬರೂ ಬಲ್ಲುದು ಕಟ್ಟೆಯೊಂದನ್ನೇ.

ಗಣಕಯಂತ್ರದ ಪ್ರೋಗ್ರಾಮೊಂದರಲ್ಲಿಯೂ ಏಕಕಾಲದಲ್ಲಿ ಹಲವು ಕೆಲಸಗಳು ನಡೆಯುವುದುಂಟು. ಅಂತಹ ಒಂದೊಂದು ಓಟಕ್ಕೂ ಆ ಶಾಸ್ತ್ರದವರು 'ಥ್ರೆಡ್' ಎಂದು, ಎಂದರೆ ಎಳೆಯೆಂದು, ಹೆಸರಿಟ್ಟಿರುವರು. ಒಂದೇ ಹಗ್ಗದ ಎಳೆಗಳಂತೆ ಇವು ಒಟ್ಟಿಗೆ ಸಾಗುವುವು. ಆದರೆ ಹಗ್ಗದ ಎಳೆಗಳಿಗಿಲ್ಲದ ತೊಡಕೊಂದು ಇವುಗಳಿಗುಂಟು. ಎಲ್ಲ ಎಳೆಗಳಿಗೂ ಸ್ಮೃತಿಕೋಶವು ಒಂದೇ. ಆ ಕೋಶದಲ್ಲಿ ಯಾರು ಬೇಕಾದರೂ ಮುಟ್ಟಬಹುದಾದ ಭಾಗಕ್ಕೆ ಅವರಿಟ್ಟಿರುವ ಹೆಸರು 'ಹೀಪ್', ಅಚ್ಚಕನ್ನಡದಲ್ಲಿ ಗುಪ್ಪೆ! ಅತ್ತಿಗುಪ್ಪೆಯ ತರುಣರು ಈ ಹೆಸರನ್ನು ಕೇಳಿದಾಗ ನಗುವರೋ ಇಲ್ಲವೋ ತಿಳಿಯದು. ಮನೆಮಾತಿನಲ್ಲಿಯೇ ಪಾಠ ಹೇಳಿದ್ದರೆ ನಗುತ್ತಿದ್ದರೇನೋ.

ಗುಪ್ಪೆಯಲ್ಲಿ ಕೈಹಾಕುವವರು ಇಬ್ಬರಾದರೆ ಆಗುವ ಕೇಡನ್ನು ಒಂದು ಮದುವೆಯ ಮನೆಯಲ್ಲಿ ಕಾಣಬಹುದು. ಕಲ್ಯಾಣಮಂಟಪಕ್ಕೆ ಬಾಗಿಲುಗಳೆರಡು, ಊಟದ ಎಲೆಯ ಲೆಕ್ಕಕ್ಕಾಗಿ ಬಂದವರನ್ನು ಎಣಿಸುವವರು ಇಬ್ಬರು, ಬರೆಯುವ ಹಲಗೆ ಒಂದು. ಮೊದಲನೆಯವನು ಹಲಗೆಯಲ್ಲಿ ೫೦ ಎಂದು ಓದಿಕೊಂಡು, ಬಂದವರೊಡನೆ ಎರಡು ಮಾತನಾಡಿ, ೫೧ ಎಂದು ಬರೆಯಲು ತಿರುಗುವನು. ಅಷ್ಟರೊಳಗೆ ಎರಡನೆಯವನೂ ೫೦ ಎಂದೇ ಓದಿಕೊಂಡು ೫೧ ಎಂದು ಬರೆದು ಹೋಗಿರುವನು. ಬಂದವರು ಇಬ್ಬರು, ಏರಿದ ಲೆಕ್ಕ ಒಂದು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೂಡಿಸುವುದರಲ್ಲಿ ತಪ್ಪಲಿಲ್ಲ. ಎಲೆ ಮಾತ್ರ ಒಂದು ಕಡಿಮೆಯಾಯಿತು. ಯಂತ್ರದಲ್ಲಿಯೂ ಕೂಡಿಸುವುದೆಂದರೆ ಓದುವುದು, ಕೂಡಿಸುವುದು, ಬರೆಯುವುದು ಎಂಬ ಮೂರು ಹೆಜ್ಜೆ. ಹೆಜ್ಜೆಗಳ ನಡುವೆ ಇನ್ನೊಂದು ಎಳೆಯು ನುಸುಳಬಲ್ಲುದು. ಇಂತಹ ತಪ್ಪು ಪ್ರತಿದಿನವೂ ತಪ್ಪದೆ ಆಗುವಂತಿದ್ದರೆ ಹಿಡಿಯುವುದು ಸುಲಭ. ಲಕ್ಷಕ್ಕೊಂದು ಸಲ ಕಾಣಿಸಿಕೊಂಡು, ಪರೀಕ್ಷಿಸುವವನು ಬಂದೊಡನೆ ಅಡಗುವುದೇ ಇದರ ಸ್ವಭಾವ.

ಒಂದು ಎಲೆಯ ನಷ್ಟದಲ್ಲಿಯೇ ಇದು ಮುಗಿಯುವಂತಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ೧೯೮೫ರಿಂದ ೧೯೮೭ರವರೆಗೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಥೆರಾಕ್-೨೫ ಎಂಬ ಕಿರಣಚಿಕಿತ್ಸೆಯ ಯಂತ್ರವು ಆರು ಮಂದಿ ರೋಗಿಗಳ ಮೇಲೆ ಮಿತಿಮೀರಿದ ವಿಕಿರಣವನ್ನು ಸುರಿಯಿತು. ಅವರಲ್ಲಿ ಕೆಲವರು ತೀರಿಕೊಂಡರು. ಕಾರಣಗಳು ಹಲವಿದ್ದುವು. ಅವುಗಳಲ್ಲೊಂದು ಇದೇ ಜಾತಿಯದು: ಯಂತ್ರವನ್ನು ನಡೆಸುವವರು ತಾವು ತಪ್ಪಾಗಿ ಒತ್ತಿದುದನ್ನು ಬಹುಬೇಗ ತಿದ್ದಿದಾಗ, ಒಂದು ಕೆಲಸವು ತಿದ್ದುಪಡಿಯನ್ನು ಬರೆದುಕೊಂಡರೂ ಇನ್ನೊಂದು ಅದನ್ನು ನೋಡದೆ ಹಳೆಯ ಆಜ್ಞೆಯಂತೆ ಮುಂದುವರಿಯುತ್ತಿತ್ತು. ಹೊಸಬರು ನಿಧಾನವಾಗಿ ಒತ್ತುತ್ತಿದ್ದಾಗ ಕೇಡು ಕಾಣಿಸಲಿಲ್ಲ. ಅನುಭವದಿಂದ ಬೆರಳುಗಳು ಚುರುಕಾದ ಮೇಲೆ ಕಾಣಿಸಿತು. ಕುಶಲತೆಯೇ ಅಪಾಯಕ್ಕೆ ಬಾಗಿಲಾದುದನ್ನು ಓದಿದಾಗ ಯಾರ ಮೈಯಾದರೂ ಜುಮ್ಮೆನ್ನದಿರದು.

ಇದಕ್ಕೆ ಪರಿಹಾರವನ್ನು ಹುಡುಕಿದವರು ರೈಲಿನ ಕಡೆಗೆ ನೋಡಿದುದು ಸ್ವಾರಸ್ಯವಾಗಿದೆ. ಹಾಲೆಂಡ್ ದೇಶದ ಡೈಕ್‌ಸ್ಟ್ರಾ ಎಂಬ ಗಣಿತಜ್ಞನು ೧೯೬೫ರಲ್ಲಿ ಬರೆದ ಪ್ರಬಂಧದಲ್ಲಿ ಪರಸ್ಪರ ಸಹಕರಿಸುವ ಕೆಲಸಗಳ ನಿಯಮವನ್ನು ನಿರೂಪಿಸುತ್ತ, ತನ್ನ ಉಪಾಯಕ್ಕೆ 'ಸೆಮಫೋರ್' ಎಂಬ ಹೆಸರನ್ನೇ ಬಳಸಿದನು. ಹಳಿಯ ಪಕ್ಕದಲ್ಲಿ ಕೈಯೆತ್ತಿ ಇಳಿಸುವ ಕಂಬದ ಹೆಸರು ಅದು. ಒಬ್ಬನು ವಸ್ತುವನ್ನು ಮಾಡಿ ಇಡುವವನು, ಇನ್ನೊಬ್ಬನು ತೆಗೆದುಕೊಂಡು ಬಳಸುವವನು, ನಡುವೆ ಮಿತಿಯುಳ್ಳದೊಂದು ಕಟ್ಟೆ: ಈ ದೃಷ್ಟಾಂತವನ್ನೂ ಆತನು ಅಲ್ಲಿ ವಿವರಿಸಿರುವನು. ೧೯೭೩ರಲ್ಲಿ ಬ್ರಿಂಚ್ ಹಾನ್ಸನ್ನನೂ ೧೯೭೪ರಲ್ಲಿ ಹೋರನೂ, ಬೀಗವನ್ನು ಬಳಸುವವರ ಕೈಗೆ ಬಿಡದೆ ಕಟ್ಟೆಯೊಳಗೇ ಅಡಕಮಾಡುವ ಕ್ರಮವನ್ನು ತಿಳಿಸಿದರು. ೨೦೦೪ರಲ್ಲಿ ಹೊರಬಂದ ಜಾವಾ ಭಾಷೆಯ ಐದನೆಯ ಆವೃತ್ತಿಯಲ್ಲಿ 'ಬ್ಲಾಕಿಂಗ್ ಕ್ಯೂ' ಎಂಬ ಸಾಲು ಸಿದ್ಧವಸ್ತುವಾಗಿಯೇ ದೊರೆಯಿತು. ಪೈಥಾನ್ ಮೊದಲಾದ ಭಾಷೆಗಳಲ್ಲಿಯೂ ಅಂತಹುದುಂಟು. ಇಂದು ಹದಿನೆಂಟು ವರ್ಷದ ಹುಡುಗನೂ 'ಪುಟ್' ಎಂದು ಬರೆದು ಇಡುವನು, 'ಟೇಕ್' ಎಂದು ಬರೆದು ಎತ್ತಿಕೊಳ್ಳುವನು.

ಆ ಎರಡು ಪದಗಳ ಹಿಂದೆ ನಡೆಯುವ ವ್ಯವಹಾರವು ಹೀಗೆ. ಕಟ್ಟೆಗೊಂದು ಬೀಗವಿದೆ. ಇಡುವವನು ಬೀಗವನ್ನು ಹಿಡಿದು, ವಸ್ತುವನ್ನಿಟ್ಟು, 'ಬಂದಿದೆ' ಎಂದು ಸೂಚಿಸಿ, ಬೀಗವನ್ನು ಬಿಡುವನು. ಎತ್ತಿಕೊಳ್ಳುವವನು ಬೀಗವನ್ನು ಹಿಡಿದು ನೋಡುವಾಗ ಸಾಲು ಬರಿದಾಗಿದ್ದರೆ ಏನು ಮಾಡಬೇಕು? ಬರುವವರೆಗೆ ಮಲಗಬೇಕು; ಆದರೆ ಬೀಗವನ್ನು ಬಿಟ್ಟು ಮಲಗಬೇಕು. ಮನೆಯಾಕೆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಗಂಟುಹಾಕಿಕೊಂಡು, ಹಾಲಿನವನು ಬಂದು ಒಳಗಿಟ್ಟು ಎಬ್ಬಿಸಲೆಂದು ಮಲಗಿದರೆ, ಹಾಲಿನವನು ಒಳಗೆ ಬರುವುದೆಂತು? ಅವನು ಹೊರಗೆ ಕಾಯುವನು, ಇವಳು ಒಳಗೆ ಕಾಯುವಳು. ಇಬ್ಬರೂ ಯಾವ ಕಾಲಕ್ಕೂ ಏಳರು. ಇನ್ನೊಂದು ಸೂಕ್ಷ್ಮವೂ ಇದೆ. ಎಚ್ಚರವಾದೊಡನೆ ಹಾಲು ಇದ್ದೇ ಇರುವುದೆಂದು ನಂಬಿ ಪಾತ್ರೆಗೆ ಕೈಹಾಕಬಾರದು; ಏಳುವಷ್ಟರಲ್ಲಿ ವಾರಗಿತ್ತಿಯು ಎತ್ತಿಕೊಂಡು ಹೋಗಿರಬಹುದು. ಎದ್ದವಳು ಮತ್ತೊಮ್ಮೆ ನೋಡಬೇಕು; ಇಲ್ಲದಿದ್ದರೆ ಮತ್ತೆ ಮಲಗಬೇಕು. ಸಿದ್ಧವಾಗಿ ದೊರೆಯುವ ಸಾಲಿನೊಳಗೆ ಇವೆಲ್ಲವನ್ನೂ ತಿಳಿದವರು ಅಡಗಿಸಿಟ್ಟಿರುವರು. ತಾನೇ ಮಾಡಿಕೊಳ್ಳಹೊರಟ ಜಾಣನು ಇವುಗಳಲ್ಲೊಂದನ್ನು ಮರೆಯದಿರುವುದು ಅಪೂರ್ವ.

ಸಾಲನ್ನು 'ನಿನ್ನಲ್ಲಿ ಎಷ್ಟಿವೆ?' ಎಂದು ಕೇಳುವ ಚಪಲವೂ ಒಂದುಂಟು. ಹೋಟೆಲಿನ ಗಲ್ಲೆಯ ಬಳಿ 'ಇಡ್ಲಿ ಇದೆಯೆ?' ಎಂದು ಕೇಳಿ, 'ಎರಡು ಪ್ಲೇಟು ಇದೆ' ಎಂಬ ಉತ್ತರವನ್ನು ಪಡೆದು, ಮನೆಗೆ ಹೋಗಿ ಪಾತ್ರೆಯನ್ನು ತರುವವನಂತೆ ಇದು. ಉತ್ತರ ಹೇಳಿದಾಗ ನಿಜ, ಪಾತ್ರೆ ಬಂದಾಗ ಸುಳ್ಳು. ಇದೆಯೆ ಎಂದು ಕೇಳುವುದೂ ಎತ್ತಿಕೊಳ್ಳುವುದೂ ಒಂದೇ ಉಸಿರಿನಲ್ಲಿ ಆಗತಕ್ಕದ್ದು. ಅದೇ ಹೋಟೆಲಿನಲ್ಲಿ ಚೀಟಿಗಳನ್ನು ಚುಚ್ಚಿಡುವ ಮೊಳೆಯನ್ನೂ ವಾಚಕರು ಗಮನಿಸಬಹುದು. ಅದು ಸಾಲಲ್ಲ. ಮೇಲಿನ ಚೀಟಿಯೇ ಮೊದಲು ಕೈಗೆ ಬರುವುದರಿಂದ, ಕೊನೆಗೆ ಬಂದವನು ಮೊದಲು ಉಣ್ಣುವನು. ತಳದ ಚೀಟಿಯ ಒಡೆಯನು ಮಸಾಲೆದೋಸೆಯ ವಾಸನೆಯನ್ನು ಸೇವಿಸುತ್ತ ನಿಂತಿರುವನು.

ಇಷ್ಟೆಲ್ಲ ಸರಿಯಾಗಿದ್ದರೂ ತಪ್ಪು ನಡೆಯಬಹುದೆಂಬುದು ಅತ್ತಿಗುಪ್ಪೆಯ ಒಂದು ಮನೆಯಲ್ಲಿ ತಿಳಿದುಬಂದಿತು. ಆ ಮನೆಯ ಹಿರಿಯರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ, ಒಂಟಿಹಳಿಯ ಸಣ್ಣ ನಿಲ್ದಾಣಗಳಲ್ಲಿ ಬಹುಕಾಲ ಕಳೆದು ವಿಶ್ರಾಂತರಾದವರು. ಮೊಮ್ಮಗನು ಪ್ರೋಗ್ರಾಮು ಬರೆಯುವವನು. ರಕ್ತಪರೀಕ್ಷೆಯ ಪ್ರಯೋಗಶಾಲೆಯೊಂದಕ್ಕೆ ಅವನ ಕಡೆಯವರು ಒಂದು ವ್ಯವಸ್ಥೆಯನ್ನು ಮಾಡಿಕೊಟ್ಟಿದ್ದರು. ಪರೀಕ್ಷಾಯಂತ್ರದಿಂದ ಅಂಕಿಗಳನ್ನು ಓದಿ ಸಾಲಿಗೆ ಹಾಕುವುದು ಒಂದು ಎಳೆ. ಸಾಲಿನಿಂದ ತೆಗೆದು ವರದಿಯನ್ನು ಸಿದ್ಧಪಡಿಸಿ ವೈದ್ಯರಿಗೆ ಕಳುಹಿಸುವುದು ಇನ್ನೊಂದು. ವರ್ಷದ ಹೆಚ್ಚುಕಾಲ ಎಲ್ಲವೂ ನೆಟ್ಟಗೆ ನಡೆಯಿತು. ಮಳೆಗಾಲ ಬಂದಿತು, ಅದರ ಹಿಂದೆ ಡೆಂಗ್ಯೂ ಜ್ವರವೂ ಬಂದಿತು, ಪ್ರಯೋಗಶಾಲೆಯ ಬಾಗಿಲಿನಲ್ಲಿ ಜನ ತುಂಬಿತು. ಒಂದು ಸಂಜೆ ವೈದ್ಯರೊಬ್ಬರು ಫೋನು ಮಾಡಿ, ಬೇರೆ ಬೇರೆ ಮೂವರು ರೋಗಿಗಳ ಪ್ಲೇಟ್‌ಲೆಟ್ ಎಣಿಕೆಯು ಕೊನೆಯ ಅಂಕಿಯವರೆಗೂ ಒಂದೇ ಆಗಿರುವುದು ಹೇಗೆಂದು ಕೇಳಿದರು. ಮತ್ತೆ ಪರೀಕ್ಷಿಸಿ ನೋಡಲಾಗಿ, ಆ ಮೂವರಲ್ಲಿ ಒಬ್ಬ ಬಾಲಕಿಯ ನಿಜವಾದ ಎಣಿಕೆಯು ವರದಿಯಲ್ಲಿದ್ದುದಕ್ಕಿಂತ ಬಹಳ ಕೆಳಗಿತ್ತು. ಮನೆಯಲ್ಲಿ ಗಂಜಿ ಕುಡಿಸಿ ಮಲಗಿಸಬಹುದೆಂದಿದ್ದವಳನ್ನು ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದರು.

ತರುಣನು ಎರಡು ರಾತ್ರಿ ನಿದ್ರೆಯಿಲ್ಲದೆ ಸಾಲನ್ನೇ ಪರೀಕ್ಷಿಸಿದನು. ಬೀಗವು ಸರಿಯಾಗಿತ್ತು, ಸೂಚನೆಯು ಸರಿಯಾಗಿತ್ತು, ಕ್ರಮವೂ ಸರಿಯಾಗಿತ್ತು. ಒಂದು ಚೀಟಿಯೂ ಕಳೆದಿರಲಿಲ್ಲ, ಒಂದೂ ಎರಡಾಗಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿಯ ಲೋಟವನ್ನು ಹಿಡಿದು ಜಗಲಿಯಲ್ಲಿ ಕುಳಿತಿದ್ದವನನ್ನು ಹಿರಿಯರು ವಿಚಾರಿಸಿದರು. ಅವರಿಗೆ ಗಣಕಯಂತ್ರದ ಗಂಧವಿಲ್ಲ. ಆದರೆ ಇಬ್ಬರ ನಡುವೆ ಒಂದು ವಸ್ತುವು ಕೈದಾಟುವ ವಿಷಯವೆಂದೊಡನೆ ಅವರ ಕಿವಿ ನಿಮಿರಿತು.

'ಸಾಲಿಗೆ ಹಾಕಿದ ಮೇಲೆ ಆ ಕಾಗದ ಯಾರದಪ್ಪ?' ಎಂದು ಕೇಳಿದರು.

'ತೆಗೆದುಕೊಳ್ಳುವವನದು, ತಾತ.'

'ಹಾಕಿದವನು ಆಮೇಲೆ ಏನು ಮಾಡುತ್ತಾನೆ?'

'ಮುಂದಿನ ರೋಗಿಯ ಅಂಕಿಗಳನ್ನು ತುಂಬುತ್ತಾನೆ.'

'ಯಾವ ಕಾಗದದಲ್ಲಿ?'

ಮೊಮ್ಮಗನು ಸುಮ್ಮನಾದನು. ಸ್ವಲ್ಪ ಹೊತ್ತಿನ ಮೇಲೆ, 'ಅದೇ ಕಾಗದದಲ್ಲಿ. ಪ್ರತಿಸಲವೂ ಹೊಸದನ್ನು ಮಾಡಿದರೆ ದಂಡವೆಂದು ಒಂದನ್ನೇ ಅಳಿಸಿ ಬರೆಯುವಂತೆ ಮಾಡಿದ್ದೆವು' ಎಂದನು.

'ಹಾಗಾದರೆ ನೀವು ಡ್ರೈವರನ ಕೈಗೆ ಟೋಕನ್ನು ಕೊಟ್ಟಿರಿ. ಅದಕ್ಕೆ ಕಟ್ಟಿದ ದಾರವನ್ನು ನಿಮ್ಮ ಕೈಯಲ್ಲಿಯೇ ಇಟ್ಟುಕೊಂಡಿರಿ' ಎಂದರು ಹಿರಿಯರು.

ಒಂಟಿಹಳಿಯ ವೃತ್ತಾಂತವನ್ನು ಅರಿಯದವರಿಗೆ ಈ ಮಾತು ತಿಳಿಯದು. ೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ಬೆಂಗಳೂರಿನ ರೈಲುಮಾರ್ಗವು ಅತ್ತಿಗುಪ್ಪೆಗೆ ದೂರವಲ್ಲದ ನಾಯಂಡಹಳ್ಳಿಯ ಮೇಲೆ, ಕೆಂಗೇರಿಯ ಮೇಲೆ ಹಾದುಹೋಗುವುದು. ಈಗ ಅಲ್ಲಿ ಜೋಡಿಹಳಿ. ಬಹುಕಾಲ ಇದ್ದುದು ಒಂಟಿಹಳಿಯೇ. ಎರಡು ನಿಲ್ದಾಣಗಳ ನಡುವೆ ಹಳಿ ಒಂದೇ ಆಗಿ, ಬರುವ ಗಾಡಿಯೂ ಹೋಗುವ ಗಾಡಿಯೂ ಅದರ ಮೇಲೆಯೇ ಸಾಗಬೇಕಾದೆಡೆಗಳಲ್ಲಿ ಈ ದೇಶದ ರೈಲ್ವೆಯವರು ಟೋಕನ್ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಎರಡು ನಿಲ್ದಾಣಗಳಲ್ಲಿಯೂ ತಂತಿಯಿಂದ ಬೆಸೆದ ಎರಡು ಪೆಟ್ಟಿಗೆಗಳು. ಒಳಗೆ ಉಕ್ಕಿನ ಉಂಡೆಗಳು. ಒಂದು ಉಂಡೆಯು ಹೊರಗಿರುವಾಗ ಎರಡು ಪೆಟ್ಟಿಗೆಗಳಲ್ಲಿ ಯಾವುದೂ ಇನ್ನೊಂದನ್ನು ಕೊಡದು. ಆ ಉಂಡೆಯನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರನ ತೋಳಿಗೆ ಸಿಕ್ಕುವಂತೆ ಹಿಡಿಯುತ್ತಿದ್ದರು. ಅದು ಕೈಯಲ್ಲಿದ್ದವನಿಗೇ ಮುಂದಿನ ಹಳಿ. ಕೊಟ್ಟ ಮಾಸ್ತರರು, ಅದು ಆಚೆಯ ಪೆಟ್ಟಿಗೆಯನ್ನು ಸೇರಿದ ಸೂಚನೆ ಬರುವವರೆಗೆ, ಆ ಹಳಿಯನ್ನು ತಮ್ಮದೆಂದು ಎಣಿಸುವಂತಿರಲಿಲ್ಲ. ಒಂದು ಟ್ರಾಲಿಯನ್ನೂ ಅದರ ಮೇಲೆ ಬಿಡುವಂತಿರಲಿಲ್ಲ.

ಆ ಪ್ರೋಗ್ರಾಮಿನಲ್ಲಿ ನಡೆದುದು ಇಷ್ಟೇ. ಸಾಲಿಗೆ ಹಾಕಿದುದು ರೋಗಿಯ ಸಂಖ್ಯೆಯನ್ನೂ, ಅಂಕಿಗಳ ಕಾಗದವೆಲ್ಲಿದೆಯೆಂಬ ಗುರುತನ್ನೂ, ಕಾಗದವನ್ನಲ್ಲ. ಗ್ರಂಥವನ್ನು ಕೊಡದೆ, ಗ್ರಂಥವು ಯಾವ ಕಪಾಟಿನಲ್ಲಿದೆಯೆಂಬ ಚೀಟಿಯನ್ನು ಕೊಟ್ಟಂತೆ. ಜನ ಕಡಿಮೆಯಿದ್ದಾಗ ಒಂದು ಚೀಟಿ ಬಿದ್ದೊಡನೆ ಇನ್ನೊಂದು ಎಳೆಯು ಅದನ್ನೆತ್ತಿಕೊಂಡು ಕಪಾಟನ್ನು ನೋಡಿಬಿಡುತ್ತಿತ್ತು. ಮಳೆಗಾಲದಲ್ಲಿ ಸಾಲಿನಲ್ಲಿ ಚೀಟಿಗಳು ಮೂರು ನಾಲ್ಕಾಗಿ ನಿಂತುವು. ಸಂಖ್ಯೆಗಳು ಬೇರೆ ಬೇರೆ, ಕಪಾಟಿನ ಗುರುತು ಒಂದೇ. ಆ ಕಪಾಟಿನಲ್ಲಿ ಉಳಿದಿದ್ದುದು ಕೊನೆಯ ರೋಗಿಯ ಅಂಕಿ. ಸಾಲು ತನ್ನನ್ನು ತಾನು ಕಾಪಾಡಿಕೊಂಡಿತು. ತನ್ನೊಳಗಿನ ಚೀಟಿಯು ಬೆರಳುಮಾಡುವ ವಸ್ತುವನ್ನು ಕಾಪಾಡುವುದು ಅದರ ಧರ್ಮವಲ್ಲ. ಈ ಭೇದವನ್ನು ಅರಿಯದೆ 'ಸುರಕ್ಷಿತವಾದ ಸಾಲು' ಎಂಬ ಹೆಸರನ್ನು ನಂಬಿ ಕೆಟ್ಟವರು ಅವನೊಬ್ಬನೇ ಅಲ್ಲ.

ಧರ್ಮಶಾಸ್ತ್ರಕಾರರು ದಾನವೆಂಬುದರ ಲಕ್ಷಣವನ್ನು ಹೇಳುವಾಗ ಎರಡು ಅಂಗಗಳನ್ನು ಗುರುತಿಸಿರುವರು. ಕೊಡುವವನ ಸ್ವತ್ವವು ನಿವೃತ್ತಿಯಾಗಬೇಕು. ಅನಂತರ ಪಡೆಯುವವನ ಸ್ವತ್ವವು ಹುಟ್ಟಬೇಕು. ಮೊದಲನೆಯದು ಆಗದೆ ಎರಡನೆಯದಾದರೆ ಅದು ದಾನವಲ್ಲ, ವ್ಯಾಜ್ಯಕ್ಕೆ ಬೀಜ. ಹೋಮದಲ್ಲಿ ಪ್ರತಿಯೊಂದು ಆಹುತಿಯ ಕೊನೆಯಲ್ಲಿಯೂ ಯಜಮಾನನು ಇದು ಇನ್ನು ತನ್ನದಲ್ಲವೆಂದು ಬಾಯಿಬಿಟ್ಟು ಹೇಳುವುದು ಇದೇ ಕಾರಣದಿಂದ. ಆಹುತಿಯೇನೋ ಬೆಂಕಿಗೆ ಬಿದ್ದಾಯಿತು, ತಿರುಗಿ ಬರುವಂತಿಲ್ಲ, ಆದರೂ ಹೇಳಬೇಕು. ಹಸುವನ್ನು ದಾನಮಾಡಿ ಹಗ್ಗದ ತುದಿಯನ್ನು ಕೊಟ್ಟಿಗೆಯ ಗೂಟಕ್ಕೆ ಬಿಗಿದಿಟ್ಟವನನ್ನು ಊರು ಏನೆನ್ನುವುದೋ, ಹಾಕಿದ ಕಾಗದವನ್ನು ಮತ್ತೆ ಅಳಿಸಿ ಬರೆಯುವ ಎಳೆಯನ್ನೂ ಅದನ್ನೇ ಎನ್ನಬೇಕು.

ಪರಿಹಾರವು ಸರಳವಾಗಿತ್ತು. ಪ್ರತಿಯೊಬ್ಬ ರೋಗಿಗೂ ಹೊಸ ಕಾಗದ. ಒಮ್ಮೆ ತುಂಬಿದ ಮೇಲೆ ಯಾರೂ, ತುಂಬಿದವನೂ, ತಿದ್ದಲಾರದಂತಹ ಕಾಗದ. ಇದರಿಂದ ಸ್ಮೃತಿಕೋಶವು ಸ್ವಲ್ಪ ಹೆಚ್ಚು ವ್ಯಯವಾಗುವುದು ದಿಟ. ಆ ಮಿತವ್ಯಯದ ಬುದ್ಧಿಯೇ ಮೊದಲ ಅನರ್ಥಕ್ಕೆ ಮೂಲವಾಗಿತ್ತು. ಯಂತ್ರಗಳ ಸ್ಮೃತಿಯು ಅಗ್ಗವಾಗಿರುವ ಈ ಕಾಲದಲ್ಲಿ, ಒಂದು ಮಗುವಿನ ರಕ್ತದ ಲೆಕ್ಕವನ್ನು ಪಣವಾಗಿಟ್ಟು ಅದನ್ನು ಉಳಿಸುವುದು ಎಂತಹ ಉಳಿತಾಯ? ಬಾಲಕಿಯು ಕೆಲವು ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಹೋದಳೆಂದು ವೈದ್ಯರಿಂದ ತಿಳಿದುಬಂದಿತು. ಅವಳ ಮನೆಯವರಿಗೆ ಈ ಸಾಲಿನ ಕಥೆಯನ್ನು ಯಾರೂ ಹೇಳಿರಲಿಲ್ಲ. ಮೊಮ್ಮಗನಿಗೆ ಹೇಳಬೇಕೆನ್ನಿಸಿತು, ಮೇಲಿನವರು ಬೇಡವೆಂದರು. ಹಿರಿಯರು ಇದನ್ನು ಒಪ್ಪಲಿಲ್ಲ. ರೈಲ್ವೆಯಲ್ಲಿ ಇಷ್ಟಕ್ಕೆ ವಿಚಾರಣೆ ನಡೆದು ಬರವಣಿಗೆಯಲ್ಲಿ ಉಳಿಯುತ್ತಿತ್ತೆಂದು ಅವರು ಆ ವಾರವೆಲ್ಲ ಹೇಳುತ್ತಿದ್ದರು. ಕೊನೆಗೆ ಮೊಮ್ಮಗನು ನಡೆದುದೆಲ್ಲವನ್ನೂ ಬರೆದು, ತನ್ನ ಹೆಸರನ್ನು ಹಾಕಿ, ಪ್ರಯೋಗಶಾಲೆಯವರಿಗೂ ಆ ವೈದ್ಯರಿಗೂ ಒಂದೊಂದು ಪ್ರತಿಯನ್ನು ಕಳುಹಿಸಿದನು. ಮೇಲಿನವರು ಆಕ್ಷೇಪಿಸಿದರು; ಆದರೆ ಕೆಲಸದಿಂದ ತೆಗೆಯಲಿಲ್ಲ.

ಸಾಲಿಗೆ ಮಿತಿಯಿರಬೇಕೆಂಬ ವಿಷಯವೊಂದು ಉಳಿದಿದೆ. ಗಿರಣಿಯ ಕಟ್ಟೆ ತುಂಬಿದರೆ ಗಿರಣಿಯವನು 'ಇನ್ನು ಇಡಬೇಡಿ, ಸಂಜೆ ಬನ್ನಿ' ಎನ್ನುವನು. ತಂದವಳಿಗೆ ಕೋಪ ಬರುವುದು. ಆದರೂ ಅದು ನ್ಯಾಯ. ಮಿತಿಯಿಲ್ಲದ ಸಾಲು ಯಾರಿಗೂ ಬೇಡವೆನ್ನದೆ ಎಲ್ಲರಿಂದಲೂ ತೆಗೆದುಕೊಂಡು, ಒಂದು ದಿನ ಕಟ್ಟೆಯೊಡನೆ ಗಿರಣಿಯನ್ನೂ ಕೆಡವುವುದು. ೨೦೦೩ನೆಯ ಇಸವಿಯ ಆಗಸ್ಟ್ ೧೪ರಂದು ಉತ್ತರ ಅಮೆರಿಕದಲ್ಲಿ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ತು ನಿಂತುಹೋಯಿತು. ಅದರ ಹಿನ್ನೆಲೆಯಲ್ಲಿ ಇವೆರಡು ದೋಷಗಳೂ ಒಂದರ ಹಿಂದೊಂದು ಬಂದಿದ್ದುವು. ಒಹಾಯೋ ಪ್ರಾಂತದ ನಿಯಂತ್ರಣಶಾಲೆಯಲ್ಲಿ ಅಪಾಯದ ಗಂಟೆ ಬಾರಿಸಬೇಕಾದ ಪ್ರೋಗ್ರಾಮಿನೊಳಗೆ ಎರಡು ಕೆಲಸಗಳು ಒಂದೇ ವಸ್ತುವಿಗೆ ಏಕಕಾಲದಲ್ಲಿ ಕೈಹಾಕಿದುವು. ಪ್ರೋಗ್ರಾಮು ಗಾಣದೆತ್ತಿನಂತೆ ಇದ್ದಲ್ಲಿಯೇ ಸುತ್ತತೊಡಗಿತು. ಬರುತ್ತಿದ್ದ ಸುದ್ದಿಗಳು ನೋಡುವವರಿಲ್ಲದೆ ಸಾಲುಗಟ್ಟಿದುವು. ಅರ್ಧ ಗಂಟೆಯೊಳಗೆ ಆ ಭಾರಕ್ಕೆ ಮುಖ್ಯಯಂತ್ರವೇ ಕುಸಿಯಿತು. ಗಂಟೆ ಬಾರಿಸದಿದ್ದುದರಿಂದ ಕಾವಲಿನವರು ಎಲ್ಲವೂ ಕ್ಷೇಮವೆಂದೇ ತಿಳಿದಿದ್ದರು.

ತುಂಬಿದಾಗ ಇಡುವವನು ಕಾಯಬೇಕು, ಬರಿದಾದಾಗ ಎತ್ತಿಕೊಳ್ಳುವವನು ಕಾಯಬೇಕು. ಇದಿಷ್ಟನ್ನು ಸಾಲೇ ನೋಡಿಕೊಳ್ಳುವುದು. ಆದರೆ ಇನ್ನು ಏನೂ ಬರುವುದಿಲ್ಲವೆಂಬುದನ್ನು ಎತ್ತಿಕೊಳ್ಳುವವನು ತಿಳಿಯುವುದು ಹೇಗೆ? ಬರಿದಾದ ಸಾಲಿನೆದುರು ಮಲಗಿದವನಿಗೆ, ಈಗ ಬರಿದಾದುದಕ್ಕೂ ಎಂದೆಂದಿಗೂ ಬರಿದಾದುದಕ್ಕೂ ವ್ಯತ್ಯಾಸವು ತೋರದು. ಮೊಮ್ಮಗನು ಇದನ್ನು ಕೇಳಿದಾಗ ಹಿರಿಯರು ಯೋಚಿಸಲೇ ಇಲ್ಲ. ಗಾಡಿಯು ನಿಲ್ದಾಣವನ್ನು ದಾಟುವಾಗ ಮಾಸ್ತರರು ನೋಡುವುದು ಎಂಜಿನ್ನನ್ನಲ್ಲ, ಕೊನೆಯ ಡಬ್ಬಿಯ ಬೆನ್ನನ್ನು, ಅಲ್ಲಿ 'ಎಲ್.ವಿ.' ಎಂಬ ಫಲಕವೋ, ರಾತ್ರಿಯಾದರೆ ಕೆಂಪು ದೀಪವೋ ಕಂಡರೆ ಗಾಡಿ ಪೂರ್ತಿ ಬಂದಿತೆಂದು ಅರ್ಥ. ಕಾಣದಿದ್ದರೆ ಕೆಲವು ಡಬ್ಬಿಗಳು ಹಿಂದೆ ಹಳಿಯ ಮೇಲೆಯೇ ಉಳಿದಿರಬಹುದು. ಸಾಲಿನ ಕೊನೆಗೂ ಅಂತಹುದೊಂದು ಫಲಕವನ್ನು ಹಾಕು ಎಂದರು. ಪ್ರೋಗ್ರಾಮು ಬರೆಯುವವರು ಮಾಡುವುದೂ ಅದನ್ನೇ. ರೋಗಿಯ ಸಂಖ್ಯೆಯಾಗಲಾರದ ಒಂದು ಗುರುತನ್ನು ಕೊನೆಯಲ್ಲಿ ಹಾಕುವರು, ಅದನ್ನೆತ್ತಿಕೊಂಡ ಎಳೆಯು ತನ್ನ ಕೆಲಸವನ್ನು ಮುಗಿಸುವುದು. ಎತ್ತಿಕೊಳ್ಳುವವರು ನಾಲ್ವರಿದ್ದರೆ ಫಲಕಗಳೂ ನಾಲ್ಕು ಬೇಕು. ಇಲ್ಲವೆ ಒಂದೇ ಫಲಕವನ್ನು ಕಂಡವನು ಅದನ್ನು ಮುಂದಿನವನಿಗಾಗಿ ತಿರುಗಿ ಸಾಲಿಗೆ ಹಾಕಿ ಹೋಗಬೇಕು.